ಪಿಂಚಣಿ ಖಾತೆ ಜಪ್ತಿಯಾದರೆ: ಓದುಗರ ಪ್ರಶ್ನೆಗಳಿಗೆ ವಕೀಲರ ಉತ್ತರ

ಪ್ರಶ್ನೆ: ನಾನು ನಿವೃತ್ತ ಸರ್ಕಾರಿ ಶಾಲಾ ಶಿಕ್ಷಕ. ಸಂಬಂಧಿಕರ ಸಾಲಕ್ಕೆ ಜಾಮೀನು ನಿಂತಿದ್ದೆ. ಅವರು ಕಟ್ಟಲಿಲ್ಲ. ಫೈನಾನ್ಸ್ ಸಂಸ್ಥೆ ಕೋರ್ಟಿನಿಂದ ಡಿಕ್ರಿ (ಸಾಲ ತೀರಿಸಬೇಕೆಂಬ ತೀರ್ಪು) ಪಡೆದು, ನನ್ನ ಪಿಂಚಣಿ ಜಮಾ ಆಗುವ ಖಾತೆಯನ್ನು ಜಪ್ತಿ ಮಾಡಿಸಿದೆ. ಖಾತೆಗೆ ಬಿದ್ದ ಮೇಲೆ ಅದು ಪಿಂಚಣಿಯಲ್ಲ, ಬರೀ ಹಣ ಎನ್ನುತ್ತಾರೆ. ಮ್ಯಾನೇಜರ್ ಹಣ ಬಿಡುತ್ತಿಲ್ಲ. ಏನು ಮಾಡಲಿ?

ಉತ್ತರ: ಈ ಪ್ರಶ್ನೆ ಪದೇಪದೇ ಬರುತ್ತಿದೆ, ಮತ್ತು ಪ್ರತಿ ಸಲವೂ ಕೇಳುವವರು ತಿಂಗಳುಗಟ್ಟಲೆ ಬ್ಯಾಂಕಿನ ಮುಂದೆ ಅಲೆದು ಸೋತ ಮೇಲೆ ಬರೆಯುತ್ತಾರೆ. ಕೋರ್ಟಿನ ಆದೇಶದಿಂದ ತಡೆಹಿಡಿದ ಹಣವನ್ನು ಮ್ಯಾನೇಜರ್ ತಾವಾಗಿ ಬಿಡುವಂತಿಲ್ಲ. ಜಪ್ತಿ ಮಾಡಿದ ಅಮಲ್ಜಾರಿ ಕೋರ್ಟೇ (ಡಿಕ್ರಿಯನ್ನು ಜಾರಿಗೊಳಿಸುವ ಕೋರ್ಟ್) ಅದನ್ನು ತೆರವು ಮಾಡಬೇಕು. ಆದ್ದರಿಂದ ಈ ವಾರವೇ ಅಲ್ಲಿ ಆಕ್ಷೇಪಣೆ ಸಲ್ಲಿಸಿ.

ಕಾನೂನು ನಿಮ್ಮ ಪರವಾಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60(1)ನೇ ಕಲಮಿನ (ಜಿ) ಖಂಡವು ಪಿಂಚಣಿ ಮತ್ತು ಗ್ರಾಚ್ಯುಟಿಯನ್ನು ಜಪ್ತಿಯಿಂದ ಹೊರಗಿಟ್ಟಿದೆ. ಸರ್ಕಾರಿ ಪಿಂಚಣಿಗೆ 1871ರ ಪಿಂಚಣಿ ಕಾಯ್ದೆಯ 11ನೇ ಕಲಮಿನ ರಕ್ಷಣೆಯೂ ಇದೆ. ‘ಖಾತೆಗೆ ಬಿದ್ದ ಮೇಲೆ ಬರೀ ಹಣ’ ಎಂಬ ವಾದಕ್ಕೆ ಸುಪ್ರೀಂ ಕೋರ್ಟ್ ರಾಧೇ ಶ್ಯಾಮ್ ಗುಪ್ತಾ ಪ್ರಕರಣದಲ್ಲಿ (2009ರ ಎಸ್‌ಸಿಸಿ ತೀರ್ಪು ವರದಿ, ಮೊದಲ ಸಂಪುಟ) ಉತ್ತರ ಕೊಟ್ಟಾಗಿದೆ: ನಿವೃತ್ತಿಯ ಹಣ ನಿವೃತ್ತರ ಕೈಸೇರಿ ಠೇವಣಿಯ ರೂಪ ಪಡೆದಿದ್ದರೂ ಅದರ ಸ್ವರೂಪ ಅಳಿಯುವುದಿಲ್ಲ, ರಕ್ಷಣೆ ಮುಂದುವರಿಯುತ್ತದೆ. ಜಾಮೀನು ಪತ್ರದಲ್ಲಿ ‘ಪಿಂಚಣಿಯ ವಿನಾಯಿತಿ ಬಿಟ್ಟುಕೊಟ್ಟಿದ್ದೇನೆ’ ಎಂದು ಸಹಿ ಹಾಕಿಸಿಕೊಂಡಿದ್ದರೂ ಹೆದರಬೇಡಿ. ಅಂಥ ಒಪ್ಪಂದ ಅಸಿಂಧು ಎಂದು 60(1ಎ) ಕಲಮು ಹೇಳುತ್ತದೆ.

ಆದರೆ ಹಣ ಪಿಂಚಣಿಯದೇ ಎಂದು ತೋರಿಸಬೇಕಾದವರು ನೀವು. ಪಿಂಚಣಿ ಪಾವತಿ ಆದೇಶದ ಪ್ರತಿ ಮತ್ತು ಖಜಾನೆಯಿಂದ ಬಂದ ಪ್ರತಿ ಜಮೆಯೂ ಕಾಣುವಂತೆ ಬ್ಯಾಂಕ್ ದೃಢೀಕರಿಸಿದ ಖಾತೆ ವಿವರವನ್ನು ಅಫಿಡವಿಟ್ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ) ಜೊತೆ ಹಾಕಿ, ವಿಚಾರಣೆ ಮುಗಿಯುವವರೆಗೆ ಮನೆ ಖರ್ಚಿಗೆ, ಔಷಧಿಗೆ ಬೇಕಾದಷ್ಟನ್ನು ಬಿಡಿಸಿಕೊಡುವಂತೆ ಮಧ್ಯಂತರ ಅರ್ಜಿಯನ್ನೂ ಕೊಡಿ. ಮನೆ ಬಾಡಿಗೆ, ಅಡಿಕೆ ಮಾರಿದ ಹಣ, ಮಗ ಕಳಿಸಿದ ಹಣವೆಲ್ಲ ಅದೇ ಖಾತೆಗೆ ಬಿದ್ದಿದ್ದರೆ ಯಾವ ರೂಪಾಯಿ ಪಿಂಚಣಿಯದು ಎಂದು ಬೇರ್ಪಡಿಸುವುದು ನಿಜವಾಗಿಯೂ ಕಷ್ಟ, ಎದುರು ಪಕ್ಷದವರು ಹಿಡಿಯುವುದೂ ಅದನ್ನೇ. ಪಿಂಚಣಿಗೆಂದೇ ಒಂದು ಖಾತೆ ಇರಲಿ, ಬೇರೆ ಬಿಡಿಗಾಸೂ ಅದಕ್ಕೆ ಬೀಳದಿರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ನೀವೇ ಪಡೆದ ಪಿಂಚಣಿ ಸಾಲದ ಕಂತು ಕಡಿತಕ್ಕೆ ನೀವೇ ಒಪ್ಪಿಗೆ ಕೊಟ್ಟಿದ್ದರೆ ಅದು ಬೇರೆ ವಿಷಯ, ಅಲ್ಲಿ ಜಪ್ತಿಯ ವಾದ ಹೂಡಬೇಡಿ. ಪಿಂಚಣಿ ಹಣ ಬಿಡುಗಡೆಯಾಯಿತೆಂದು ಡಿಕ್ರಿಯೂ ರದ್ದಾಗುವುದಿಲ್ಲ. ನಿಮ್ಮ ಹೆಸರಲ್ಲಿ ಸೈಟಿದ್ದರೆ ಅದರ ಜಪ್ತಿಗೆ ಫೈನಾನ್ಸಿನವರು ನಾಳೆಯೇ ಬರಬಹುದು.

ಪ್ರಶ್ನೆ: ಜಪ್ತಿಗೆ ಮೊದಲೇ ಹಣವನ್ನೆಲ್ಲ ಮಗನ ಖಾತೆಗೆ ಹಾಕಲೇ?

ಉತ್ತರ: ಬೇಡ. ಮಗನ ಖಾತೆಗೆ ಹೋದದ್ದು ಮಗನ ಹಣವಾಗುತ್ತದೆ; ನಿಮಗಿದ್ದ ರಕ್ಷಣೆಯನ್ನು ನೀವೇ ಕಳೆದುಕೊಂಡಂತೆ.

ಪ್ರಶ್ನೆ: ‘ಪಿಂಚಣಿ ರಕ್ಷಣಾ ಪ್ರಮಾಣಪತ್ರ’ ಮಾಡಿಸಿಕೊಡುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ.

ಉತ್ತರ: ಅಂಥ ಪತ್ರವೇ ಇಲ್ಲ, ಅದು ವಂಚನೆ. ವಯಸ್ಸಾದವರ ಭಯವನ್ನು ಹೀಗೆ ದೋಚುವವರ ಮೇಲೆ ಪೊಲೀಸರಿಗೆ ದೂರು ಕೊಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗಂತೂ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ.

ಪ್ರಶ್ನೆ: ನನ್ನ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಬ್ಯಾಂಕ್ ಹಳೆಯ ಬೆಳೆ ಸಾಲಕ್ಕೆ ಹಿಡಿದುಕೊಂಡಿದೆ.

ಉತ್ತರ: ಇದು ಕೋರ್ಟಿನ ಜಪ್ತಿಯಲ್ಲ, ಬ್ಯಾಂಕ್ ತಾನಾಗಿ ಹಿಡಿದದ್ದು, ಹಾಗಾಗಿ ಮೇಲಿನ ದಾರಿ ನಿಮಗೆ ಅನ್ವಯಿಸದು. 2024ರಲ್ಲಿ ಬರ ಪರಿಹಾರವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳದಂತೆ ಬ್ಯಾಂಕುಗಳಿಗೆ ಸೂಚನೆ ಹೋಗಿತ್ತು, ಜಿಲ್ಲಾಧಿಕಾರಿಗೆ ಬರೆಯುವ ಮನವಿಯಲ್ಲಿ ಅದನ್ನು ಉದಾಹರಣೆಯಾಗಿ ನೆನಪಿಸಿ. ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಿ, ಅದಕ್ಕೆ ಶುಲ್ಕವಿಲ್ಲ.