ದಾವಣಗೆರೆಯಲ್ಲಿ ಬಾಡಿಗೆ ಮನೆ. ಟೆರೇಸ್ ಮೇಲೆ ಎರೆಗೊಬ್ಬರ ಮಾಡಬೇಕು ಅಂತಿದ್ದೇನೆ. ಒಂದು ತಿಂಗಳಲ್ಲಿ ಗೊಬ್ಬರ ಸಿಗಬೇಕಾದರೆ ಯಾವ ಬಿನ್ ತಗೊಳ್ಳಲಿ?

ಬಿನ್ ಆಮೇಲೆ. ಸಗಣಿ ಎಲ್ಲಿಂದ ತರುತ್ತಿದ್ದೀರಿ, ಅದನ್ನು ಮೊದಲು ಹೇಳಿ.

ನಾಲ್ಕು ವರ್ಷದ ಹಿಂದೆ ನಾನೂ ಬಿನ್‌ನಿಂದಲೇ ಶುರು ಮಾಡಿದ್ದು. ಮೂರು ಅಂತಸ್ತು, ಕೆಳಗೊಂದು ನಲ್ಲಿ. ವಾರಗಟ್ಟಲೆ ಫೋನಿನಲ್ಲಿ ಫೋಟೋ ನೋಡಿ ತರಿಸಿದೆ. ನೋಡಲು ಚೆಂದ, ದೊಡ್ಡ ಟಿಫಿನ್ ಕ್ಯಾರಿಯರ್ ಥರ. ನಿಟುವಳ್ಳಿಯಲ್ಲಿ ನಮ್ಮದು ಮೇಲಿನ ಮನೆ. ಟೆರೇಸ್ ಮೇಲೆ ನೀರಿನ ಟ್ಯಾಂಕ್ ಪಕ್ಕ ಇಟ್ಟೆ. 500 ಗ್ರಾಂ ಹುಳು ತಂದೆ. ಹಿಂದಿನ ಬೀದಿಯಲ್ಲಿ ಎಮ್ಮೆ ಕಟ್ಟಿರುವ ಅಜ್ಜನ ಹತ್ತಿರ ಒಂದು ಚೀಲ ಸಗಣಿ ತಂದೆ. ಎರಡೂ ಒಂದೇ ದಿನ. ಕೆಟ್ಟಿದ್ದು ಅಲ್ಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ಲರೂ "ಹಳೇ ಸಗಣಿ ಹಾಕಿ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದು ನನಗೂ ಗೊತ್ತಿತ್ತು, ಹಳೇದನ್ನೇ ಕೇಳಿದ್ದೆ. ಅಜ್ಜ ತೋರಿಸಿದ ಗುಡ್ಡೆ ಒಣಗಿ ಬಿರುಕು ಬಿಟ್ಟಿತ್ತು. ಆಹಾ, ಇದೇ ಸರಿ ಅಂದುಕೊಂಡೆ. ಆದರೆ ಒಣಗಿದ್ದು ಬೇರೆ, ಕಳಿತದ್ದು ಬೇರೆ. ನಮ್ಮೂರಿನ ಮಾರ್ಚ್ ಬಿಸಿಲಿಗೆ ಸಗಣಿಯ ಮೇಲ್ಪದರ ಎರಡೇ ದಿನಕ್ಕೆ ಹಪ್ಪಳ ಆಗುತ್ತದೆ. ಒಳಗೆ ಹಸಿ ಹಸಿಯಾಗೇ ಇರುತ್ತದೆ. ಅದಕ್ಕೆ ನೀರು ಚಿಮುಕಿಸಿ, ತರಕಾರಿ ಸಿಪ್ಪೆ ಸೇರಿಸಿ ಮುಚ್ಚಳ ಹಾಕಿದರೆ ಸೂಕ್ಷ್ಮಜೀವಿಗಳು ಕೊಳೆಸಲು ಶುರು ಮಾಡುತ್ತವೆ. ಕಾವು ಏರುತ್ತದೆ. 35 ಡಿಗ್ರಿ ದಾಟಿದರೆ ಹುಳುಗಳು ತಡೆಯುವುದಿಲ್ಲ. ಸಾಲದ್ದಕ್ಕೆ ಗಂಜಲ ಬೆರೆತ ಹಸಿ ಸಗಣಿಯಿಂದ ಅಮೋನಿಯಾ ಏಳುತ್ತದೆ. ಎರೆಹುಳು ಉಸಿರಾಡುವುದೇ ಒದ್ದೆ ಚರ್ಮದಿಂದ. ಅಂದಮೇಲೆ ಅದಕ್ಕೆ ಮೂಗು ಮುಚ್ಚಿಕೊಳ್ಳುವ ದಾರಿಯೇ ಇಲ್ಲ ಅಲ್ವಾ?

ಮೊದಲ ರಾತ್ರಿ ಟಾರ್ಚ್ ಹಿಡಿದು ಹೋಗಿ ಮುಚ್ಚಳ ತೆಗೆದೆ. ಮುಚ್ಚಳದ ಒಳ ಅಂಚಿಗೆಲ್ಲ ಹುಳುಗಳು ಒದ್ದೆ ಶಾವಿಗೆ ಎಳೆಯ ಹಾಗೆ ಅಂಟಿಕೊಂಡಿದ್ದವು. ನನಗೆ ಖುಷಿಯೋ ಖುಷಿ. ಮಲಗಿದ್ದ ಹೆಂಡತಿಯನ್ನು ಎಬ್ಬಿಸಿ ಕರೆತಂದು, "ನೋಡು, ಎಷ್ಟು ಚುರುಕಾಗಿವೆ" ಅಂತ ತೋರಿಸಿದೆ. ಆಮೇಲೆ ಒಂದೊಂದನ್ನೇ ಬೆರಳಲ್ಲಿ ಬಿಡಿಸಿ ವಾಪಸ್ ಸಗಣಿಗೆ ಬಿಟ್ಟೆ. ಅವು ಜೀವ ಉಳಿಸಿಕೊಳ್ಳಲು ಮೇಲೆ ಹತ್ತಿದ್ದವು. ಹಿಡಿದು ಒಳಗೆ ಹಾಕಿದವನು ನಾನು.

ಮರುದಿನ ಮುಟ್ಟಿದರೆ ಬೆಚ್ಚಗಿತ್ತು. ಬಿಸಿಲಿಗಿರಬೇಕು ಅಂತ ಒಂದು ಚೊಂಬು ನೀರು ಸುರಿದೆ. ನೀರು ತಳದಲ್ಲಿ ನಿಂತು ಇದ್ದಬದ್ದ ಗಾಳಿಯೂ ಹೋಯಿತು. ಮೂರನೇ ದಿನ ಕೆಳಗಿನ ಮನೆಯವರು ಟ್ಯಾಂಕ್ ಹತ್ತಿರ ಇಲಿ ಸತ್ತಿದೆಯಾ ಅಂತ ಕೇಳಿದರು. ಜಗಳೂರಿನಿಂದ ಅವ್ವ ಬಂದಿದ್ದಳು. ಮೊಣಕೈವರೆಗೂ ಕೈ ತೂರಿಸಿ, "ಇದು ಇನ್ನೂ ಕುದಿಯಾಕತ್ತೈತಲ್ಲೋ!" ಅಂದಳು. ಎಲ್ಲ ಸುರುವಿ ಕೆದಕಿದೆ. ಬದುಕಿದ್ದ ಹುಳು ಹನ್ನೊಂದು. ಎರಡು ಸಲ ಎಣಿಸಿದೆ.

ಹಾಗಾಗಿ ಯಾವ ಬಿನ್ ಅನ್ನುವುದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ನನ್ನ ಆ ಬಿನ್‌ನಲ್ಲಿ ಈಗ ಈರುಳ್ಳಿ ಇಡುತ್ತೇವೆ. ಗೊಬ್ಬರ ಮಾಡುತ್ತಿರುವುದು ಹಳೇ ಪ್ಲಾಸ್ಟಿಕ್ ಟಬ್‌ನಲ್ಲಿ. ಕಾಯಿಸಿದ ಮೊಳೆಯಿಂದ ತಳಕ್ಕೂ ಪಕ್ಕಕ್ಕೂ ತೂತು ಮಾಡಿ, ಇಟ್ಟಿಗೆ ಮೇಲೆ ಕೂರಿಸಿ, ಒದ್ದೆ ಗೋಣಿಚೀಲ ಹೊದಿಸಿದ್ದೇನೆ. ಕೆಂಜಿರುವೆ ಹತ್ತಬಾರದು ಅಂತ ಇಟ್ಟಿಗೆಗಳನ್ನು ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿದ್ದೇನೆ. ಆ ನೀರನ್ನು ಎರಡು ದಿನಕ್ಕೊಮ್ಮೆ ಬದಲಾಯಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಟೆರೇಸ್ ಅಂತೂ ಬೇಡವೇ ಬೇಡ. ಏಪ್ರಿಲ್‌ನಲ್ಲಿ 38 ಡಿಗ್ರಿ ಮುಟ್ಟುವ ಊರು ಇದು, ಕಾದ ಸಿಮೆಂಟಿನ ಮೇಲೆ ನಾವೇ ಬರಿಗಾಲಲ್ಲಿ ನಿಲ್ಲುವುದಿಲ್ಲ. ಮನೆ ಓನರ್‌ನ ಕೇಳಿ ಮೆಟ್ಟಿಲ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೆರಳಿನ ಜಾಗ ಹಿಡಿಯಿರಿ. ಬೇಸಿಗೆಯಲ್ಲಿ ಶುರು ಮಾಡಬೇಡಿ, ಜೂನ್ ಮಳೆ ಬೀಳಲಿ. ಒಂದು ತಿಂಗಳ ಆಸೆಯನ್ನೂ ಬಿಡಿ. ಮನೆಯ ಟಬ್‌ನಲ್ಲಿ ಎರಡು-ಮೂರು ತಿಂಗಳಾದರೂ ಬೇಕು.

ಸಗಣಿ ತಂದು ನೆರಳಲ್ಲಿ 15–20 ದಿನ ಹಾಕಿಡಿ. ಮೂರ್ನಾಲ್ಕು ದಿನಕ್ಕೊಮ್ಮೆ ಮಗುಚಿ ನೀರು ಚಿಮುಕಿಸಿ. ಆಮೇಲೆ ಗುಡ್ಡೆಯ ನಡುವಿಗೆ ಕೈ ತೂರಿಸಿ ನೋಡಿ. ತಣ್ಣಗಿರಬೇಕು, ಮೂಗಿಗೆ ಘಾಟು ಬಡಿಯಬಾರದು. ಆಗಲೂ ನಂಬಬೇಡಿ. ಆ ಸಗಣಿಯನ್ನು ಒಂದು ಡಬ್ಬಕ್ಕೆ ತುಂಬಿ ಹತ್ತೇ ಹುಳು ಬಿಡಿ. ಉಳಿದ ಹುಳುಗಳು ಅವುಗಳ ಜೊತೆಗೇ ಬಂದ ಗೊಬ್ಬರದಲ್ಲಿ ಒಂದು ರಾತ್ರಿ ಕಳೆಯಲಿ. ಬೆಳಗ್ಗೆ ಹತ್ತೂ ಒಳಗೆ ಹಾಯಾಗಿದ್ದರೆ ಎಲ್ಲವನ್ನೂ ಬಿಡಿ. ಡಬ್ಬದ ಗೋಡೆ ಹತ್ತಿದ್ದರೆ ಇನ್ನೊಂದು ವಾರ ಕಾಯಿರಿ.

ಮಳೆ ಬಂದಾಗ ಅಂಗಳದಲ್ಲಿ ಹರಿದಾಡುವ ಹುಳು ಹಿಡಿದು ಹಾಕಿದರೆ ಆಗಲ್ಲ. ಅವು ಮಣ್ಣು ಕೊರೆದು ಬದುಕುವ ಜಾತಿ. ಬೇಕಾಗಿರುವುದು ಮೇಲೇ ಇದ್ದು ಕಸ ತಿನ್ನುವಂಥವು: ಐಸೀನಿಯಾ ಫೆಟಿಡಾ, ಇಲ್ಲವೇ ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೇ. ಊರಲ್ಲೇ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಹುಳು ಕೊಳ್ಳುವ ಮುಂಚೆ ಒಂದು ಸಲ ಹೋಗಿ ವಿಚಾರಿಸಿ.

ಊಟ ಅಂದರೆ ಸೊಪ್ಪಿನ ಕಡ್ಡಿ, ಬಾಳೆಸಿಪ್ಪೆ, ಟೀ ಚರಟ. ಹಾಕಿದ್ದು ಖಾಲಿಯಾದ ಮೇಲೆ ಮತ್ತೆ ಹಾಕಿ, ಸುಮ್ನೆ ತುಂಬಬೇಡಿ. ನಿಂಬೆ, ಉಪ್ಪು, ಎಣ್ಣೆ ಬೇಡ. ಸಂಜೆ ಮಂಡಕ್ಕಿ-ಮಿರ್ಚಿ ಉಳಿದರೂ ಹುಳುವಿಗಲ್ಲ (ನಮ್ಮೂರಲ್ಲಿ ಅದು ಉಳಿಯುವುದೂ ಇಲ್ಲ ಬಿಡಿ). ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಇಳಿಯಬೇಕು, ಅಷ್ಟು ತೇವ ಸಾಕು.

ಅವತ್ತು ಉಳಿದ ಹನ್ನೊಂದನ್ನು ಅವ್ವ ಹಳೇ ಎಲೆಗೊಬ್ಬರ ಇದ್ದ ಕುಂಡಕ್ಕೆ ಬಿಟ್ಟು, ನೆರಳಿಗೆ ಸರಿಸಿ ಊರಿಗೆ ಹೋದಳು. ನಾನು ಮರೆತೇಬಿಟ್ಟಿದ್ದೆ. ಜುಲೈನಲ್ಲಿ ಕುಂಡ ಬಗ್ಗಿಸಿದರೆ ದಾರದ ಎಳೆಯಷ್ಟು ಸಣ್ಣ ಮರಿಗಳು, ಸಾಸಿವೆಗಿಂತ ಸ್ವಲ್ಪ ದೊಡ್ಡ ಮೊಟ್ಟೆಗಳು. ಈಗ ನನ್ನ ಟಬ್‌ನಲ್ಲಿರುವುದೆಲ್ಲ ಅವುಗಳ ಸಂತಾನವೇ. ನಿಟುವಳ್ಳಿ ಕಡೆ ಬಂದರೆ ಎರಡು ಹಿಡಿ ಕೊಡುತ್ತೇನೆ, ದುಡ್ಡು ಬೇಡ. ಸಗಣಿ ಹಾಕಿಟ್ಟು ಇಪ್ಪತ್ತು ದಿನ ಆದಮೇಲೆ ಬನ್ನಿ.