ಸ್ಪ್ಯಾನಿಷ್ ಪ್ರಬಂಧ: ಇಂಗ್ಲಿಷಿನಿಂದ ತಿರುಗಿಸಬಹುದೇ?

ಪ್ರಶ್ನೆ: ಸ್ಪ್ಯಾನಿಷ್ ಆನರ್ಸ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಬಂಧವನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಅನುವಾದಿಸಲೇ?
– ವಿದ್ಯಾರ್ಥಿನಿ, ಜಯನಗರ, ಬೆಂಗಳೂರು

ಉತ್ತರ: ಖಂಡಿತ ಬೇಡಮ್ಮ. ಇಂಗ್ಲಿಷಿನ ನೆರಳು ಹೋಗುವುದೇ ಇಲ್ಲ. ‘ಆಕ್ಚುಯಲಿ’ಗೆ ‘ಆಕ್ತುಆಲ್‌ಮೆಂತೆ’ ಎಂದು ಬರೆದುಬಿಡುತ್ತೀರಿ, ಅದರರ್ಥ ‘ಸದ್ಯ’. ‘ವಾಸ್ತವವಾಗಿ’ ಅನ್ನಲು ‘ಎನ್ ರೆಆಲಿದಾದ್’ ಬೇಕು. ಓದುವಾಗಿನ ಟಿಪ್ಪಣಿಯನ್ನೂ ಸ್ಪ್ಯಾನಿಷಿನಲ್ಲೇ ಮಾಡಿಕೊಳ್ಳಿ, ಪುಟಸಂಖ್ಯೆ ಸಮೇತ. ದಿನಕ್ಕೊಂದು ಪುಟ ಬರೆದರೂ ಸಾಕು. ಪೀಠಿಕೆ ಕಡೆಗಿರಲಿ.

ಕೊನೆಯ ಎರಡು ವಾರ ತಿದ್ದುವುದಕ್ಕೇ ಇಡಿ: ಒಮ್ಮೆ ಬರೀ ಕ್ರಿಯಾಪದ, ಮತ್ತೊಮ್ಮೆ ಲಿಂಗ-ವಚನ. ‘ಪ್ರೊಬ್ಲೆಮಾ’, ‘ತೆಮಾ’ ಆಕಾರಾಂತವಾದರೂ ಪುಲ್ಲಿಂಗ, ಮೂಲ ಗ್ರೀಕ್ ಆದ್ದರಿಂದ. ಅವಕ್ಕೆ ಸ್ತ್ರೀಲಿಂಗದ ಉಪಪದ (ಆರ್ಟಿಕಲ್) ‘ಲಾ’ ಅಲ್ಲ, ಪುಲ್ಲಿಂಗದ ‘ಎಲ್’ ಹಾಕಿ. ಹೆಚ್ಚಿನವರು ಎಡವುವುದು ಇಲ್ಲೇ. ಪ್ರಶ್ನಾರ್ಥಕ ವಾಕ್ಯದ ಆರಂಭದಲ್ಲೂ ತಲೆಕೆಳಗಾದ ಪ್ರಶ್ನೆಚಿಹ್ನೆ (¿) ಬೇಕೇ ಬೇಕು.