ಗುರುತು ಮತ್ತು ಗಡಿ ವ್ಯವಸ್ಥೆಗಳನ್ನು ಜೋಡಿಸುವುದು ಬರೀ ಎಪಿಐ ಕೆಲಸವೇ?

ಬೆಂಗಳೂರಲ್ಲಿ ಜಾವಾ ಡೆವಲಪರ್ ಆಗಿದ್ದೀರಿ, ಒಂದು ದೇಶದ ಗುರುತಿನ ವ್ಯವಸ್ಥೆಯನ್ನು ಅಲ್ಲಿನ ಇಮಿಗ್ರೇಷನ್ ವ್ಯವಸ್ಥೆಗೆ ಜೋಡಿಸುವ ಪ್ರಾಜೆಕ್ಟಿಗೆ ಇಂಟರ್‌ವ್ಯೂ ಇದೆ, ಅದು ಬರೀ ಎಪಿಐ (ಎರಡು ಸಾಫ್ಟ್‌ವೇರ್‌ಗಳು ಮಾಹಿತಿ ವಿನಿಮಯ ಮಾಡಿಕೊಳ್ಳುವ ಕೊಂಡಿ) ಕೆಲಸವಾ, ಸೇರಬಹುದಾ ಅಂತ ಕೇಳಿದ್ದೀರಿ. ನಾನೂ ಇದೇ ಊರಲ್ಲಿ ಇಂಥದೇ ಕೆಲಸ ಮಾಡುತ್ತೇನೆ. ಸೇರಿ. ಎಪಿಐ ಅದರಲ್ಲಿ ಸುಲಭದ ಭಾಗ.

ಕಷ್ಟ ಇರುವುದು ಎರಡು ಕಡೆಯ ದಾಖಲೆ ಒಬ್ಬರದೇನಾ ಎಂದು ತೀರ್ಮಾನಿಸುವುದರಲ್ಲಿ. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ 44 ಅಕ್ಷರಗಳ ಎರಡು ಸಾಲು ಇರುತ್ತದಲ್ಲ, ಅದರ ನಿಯಮ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ 9303ನೇ ದಾಖಲೆಯಲ್ಲಿದೆ. ಹೆಸರಿಗೆ ಸಿಗುವುದು 39 ಜಾಗ. ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು. ನಮ್ಮ ಕಡೆಯ ಹೆಸರು ಈ ಅಚ್ಚಿಗೆ ಎಲ್ಲಿ ಕೂರುತ್ತದೆ? ಒಂದು ಇನಿಷಿಯಲ್ ಊರಿನದು, ಇನ್ನೊಂದು ಅಪ್ಪನದು. ಆಧಾರ್‌ನಲ್ಲಿ ಇನಿಷಿಯಲ್ ಹಾಗೇ ಉಳಿದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದಿರುತ್ತಾರೆ. ಗೌಡ, ಲಕ್ಷ್ಮಿ ಇವಕ್ಕೆ ಇಂಗ್ಲಿಷಿನಲ್ಲಿ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗ್. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಅಂದಾಗ ಇಲ್ಲಿ ಎಷ್ಟು ಮನೆಗಳಲ್ಲಿ ಗಾಬರಿಯಾಯಿತು ನೆನಪಿರಬಹುದು. ಹುಟ್ಟಿದ ದಿನಾಂಕವನ್ನಾದರೂ ನಂಬೋಣವೆಂದರೆ, ಹಳ್ಳಿಯ ಹಿರಿಯರಲ್ಲಿ ಬಹಳ ಜನರದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ದಿನಾಂಕ.

ಹಾಗಾಗಿ ಮುಖ, ಬೆರಳಚ್ಚು ಬೇಕಾಗುತ್ತದೆ. ಅಲ್ಲೂ ಲೆಕ್ಕ ಹಾಕಿ ನೋಡಿ: ಸಾವಿರಕ್ಕೊಂದು ತಪ್ಪು ಎಂದರೂ, ದಿನಕ್ಕೆ ಹತ್ತು ಸಾವಿರ ಜನ ಹಾಯುವ ಕಡೆ ಹತ್ತು ನಿರಪರಾಧಿಗಳು ಪಕ್ಕಕ್ಕೆ ನಿಲ್ಲುತ್ತಾರೆ. ಗದ್ದೆ ಕೆಲಸ, ಗಾರೆ ಕೆಲಸ ಮಾಡಿದ ಕೈಗಳ ಬೆರಳಚ್ಚು ಸವೆದಿರುತ್ತದೆ. ಆ ಹತ್ತರಲ್ಲಿ ಅಂಥವರೇ ಹೆಚ್ಚು. ಅವರಿಗಾಗಿ ಕೌಂಟರಿನ ಅಧಿಕಾರಿಯ ಸ್ಕ್ರೀನಿನಲ್ಲಿ ಏನು ಕಾಣಬೇಕು, ಯಾವ ಕಾರಣಕ್ಕೆ ಹೊಂದಲಿಲ್ಲ ಎಂದು ತೋರಿಸಬೇಕು, ಅಧಿಕಾರಿಯ ತೀರ್ಮಾನ ಎಲ್ಲಿ ದಾಖಲಾಗಬೇಕು ಎನ್ನುವುದನ್ನು ಮೊದಲ ದಿನದಿಂದಲೇ ವಿನ್ಯಾಸದಲ್ಲಿ ಇಡಬೇಕು. ಬರೀ ಕೆಂಪು ದೀಪ ತೋರಿಸಿ ಸುಮ್ಮನಾಗುವ ಸಾಫ್ಟ್‌ವೇರನ್ನು ನಾನು ಒಪ್ಪುವುದಿಲ್ಲ.

ಎರಡನೆಯದು, ಜೋಡಿಸುವುದೆಂದರೆ ನಕಲು ಮಾಡಿಕೊಳ್ಳುವುದಲ್ಲ. ಆಧಾರ್ ದೃಢೀಕರಣ ಕೇಳಿದರೆ ಮೂಲಭೂತವಾಗಿ ಬರುವುದು ಹೌದು ಅಥವಾ ಇಲ್ಲ. ಅದು ಒಳ್ಳೆಯ ಪದ್ಧತಿ. ಗಡಿಯ ಕಡೆಯವರಿಗೆ ವ್ಯಕ್ತಿಯ ವಿಳಾಸ, ಮೊಬೈಲ್ ನಂಬರ್ ಬೇಕಿಲ್ಲದಿದ್ದರೆ ಕೊಡಲೇಬೇಡಿ. ಮತ್ತೆ, ಆಧಾರ್ ಪೌರತ್ವದ ಪುರಾವೆಯಲ್ಲ. ಇಲ್ಲಿ ವಾಸವಿರುವ ವಿದೇಶೀಯರಿಗೂ ಅದು ಸಿಗುತ್ತದೆ. ಗುರುತು ಬೇರೆ, ಗಡಿ ದಾಟುವ ಹಕ್ಕು ಬೇರೆ. ಇವೆರಡನ್ನು ಡೇಟಾಬೇಸಿನ ಒಂದೇ ಟೇಬಲ್ಲಿಗೆ ಹಾಕುವ ಡಿಸೈನ್ ಕಂಡರೆ ಮೀಟಿಂಗಿನಲ್ಲೇ ತಡೆಯಿರಿ.

ಇ-ಪಾಸ್‌ಪೋರ್ಟ್ ಚಿಪ್ಪಿನ ಡಿಜಿಟಲ್ ಸಹಿ ಪರೀಕ್ಷಿಸುವುದನ್ನೂ ಕಲಿಯಿರಿ. ಆ ಸಹಿಯನ್ನು ತಾಳೆ ನೋಡಲು ಬೇಕಾದ ಆಯಾ ದೇಶದ ಡಿಜಿಟಲ್ ಸರ್ಟಿಫಿಕೇಟ್ ನಿಮ್ಮ ಸರ್ವರಿನಲ್ಲಿ ಹಳೆಯದಾಗಿದ್ದರೆ ಅಸಲಿ ಪಾಸ್‌ಪೋರ್ಟನ್ನೂ ನಂಬಲಾಗುವುದಿಲ್ಲ. ನೆಟ್‌ವರ್ಕ್ ಹೋದಾಗ ಪ್ರಯಾಣಿಕರ ಕ್ಯೂ ನಿಂತುಬಿಡಬಾರದು, ಅದೂ ಒಂದು ದೊಡ್ಡ ಅಧ್ಯಾಯ.

ತಯಾರಿಗೆ ದೂರ ಹೋಗಬೇಕಿಲ್ಲ. ದೇಶಗಳು ತಮ್ಮ ಗುರುತಿನ ವ್ಯವಸ್ಥೆ ಕಟ್ಟಿಕೊಳ್ಳಲು ಬಳಸುವ ಮೋಸಿಪ್ ಹುಟ್ಟಿದ್ದು ನಮ್ಮ ಐಐಐಟಿ ಬೆಂಗಳೂರಿನಲ್ಲೇ, 2018ರಲ್ಲಿ. ಫಿಲಿಪೀನ್ಸ್ ಅದನ್ನು ಬಳಸುತ್ತಿದೆ. ಕೋಡ್ ಮುಕ್ತವಾಗಿದೆ, ಬಹುಪಾಲು ಜಾವಾದಲ್ಲೇ ಇದೆ, ಇಳಿಸಿಕೊಂಡು ಓದಿ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಮುಖ ಗುರುತಿಸಿ ಒಳಗೆ ಬಿಡುವ ಡಿಜಿ ಯಾತ್ರಾ ಮತ್ತು ಮೊದಲೇ ನೋಂದಾಯಿಸಿದ ಪ್ರಯಾಣಿಕರಿಗಾಗಿ 2025ರ ಜನವರಿಯಲ್ಲಿ ಬಂದ ಎಫ್‌ಟಿಐ-ಟಿಟಿಪಿ ಇ-ಗೇಟ್ (ತಾನಾಗಿ ತೆರೆಯುವ ಗೇಟ್) ಎರಡನ್ನೂ ನೋಡಿ. ಮೊದಲನೆಯದು ನಿಲ್ದಾಣದೊಳಗೆ ಓಡಾಡುವುದಕ್ಕೆ, ಎರಡನೆಯದು ಇಮಿಗ್ರೇಷನ್‌ಗೆ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಇಂಟರ್‌ವ್ಯೂನಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: ಹೊಂದದೆ ಉಳಿದ ದಾಖಲೆಗಳನ್ನು ಯಾರು ನೋಡುತ್ತಾರೆ, ತಪ್ಪಿದ್ದರೆ ತಿದ್ದಿಸಿಕೊಳ್ಳಲು ಪ್ರಯಾಣಿಕರು ಎಲ್ಲಿಗೆ ಹೋಗಬೇಕು? ಅದಕ್ಕೆ ಅವರ ಬಳಿ ಸರಿಯಾದ ಉತ್ತರ ಇದ್ದರೆ ಸಂಬಳದ ಮಾತಿಗೆ ಕೂತುಕೊಳ್ಳಿ.